ಗ್ಲೂಕಾನ್‌-ವಾಟರ್ ಡೈಕೈನೇಸ್: ಪಿಷ್ಟಕ್ಕೆ ಫಾಸ್ಫೇಟ್ ಸೇರಿಸುವ ಸಸ್ಯಕಿಣ್ವ

ಆಲ್ಫಾ-ಗ್ಲೂಕಾನ್, ವಾಟರ್ ಡೈಕೈನೇಸ್ ಎಂಬುದು ಕೋಶದ ಶಕ್ತಿವಾಹಕ ಅಣುವಾದ ಎಟಿಪಿಯಿಂದ ಫಾಸ್ಫೇಟ್ ಗುಂಪನ್ನು ತೆಗೆದು ಪಿಷ್ಟದ ಗ್ಲೂಕೋಸ್ ಘಟಕಗಳಿಗೆ ಜೋಡಿಸುವ ಸಸ್ಯಕಿಣ್ವ. ಸಂಕ್ಷಿಪ್ತವಾಗಿ ಇದನ್ನು ಜಿಡಬ್ಲ್ಯುಡಿ ಎನ್ನುತ್ತಾರೆ. ಹಸಿರು ಸಸ್ಯಗಳು ಹಗಲಿನಲ್ಲಿ ಎಲೆಯೊಳಗೆ ಕೂಡಿಟ್ಟ ಪಿಷ್ಟವನ್ನು ರಾತ್ರಿ ಕರಗಿಸಿ ಬಳಸಿಕೊಳ್ಳಲು ಮೊದಲು ಆಗಬೇಕಾದ ಕೆಲಸ ಈ ಫಾಸ್ಫೇಟ್ ಜೋಡಣೆ. ಆಲೂಗಡ್ಡೆಯಂಥ ಗೆಡ್ಡೆಗಳ ಪಿಷ್ಟದಲ್ಲಿ ಸಹಜವಾಗಿರುವ ಫಾಸ್ಫೇಟ್ ಕೂಡ ಈ ಕಿಣ್ವದಿಂದಲೇ ಬಂದದ್ದು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಮುಖ್ಯ ಬೆಳೆಗಳಾದ ಕಬ್ಬು, ತಂಬಾಕು, ಅರಿಶಿಣ, ಜೋಳ, ಗೋವಿನಜೋಳ ಮತ್ತು ದ್ರಾಕ್ಷಿಗಳ ಬೆಳವಣಿಗೆಯೂ ಗುಣಮಟ್ಟವೂ ಪಿಷ್ಟ ಕೂಡುವ ಮತ್ತು ಕರಗುವ ಕ್ರಮವನ್ನು ಅವಲಂಬಿಸಿವೆ. ಆದ್ದರಿಂದ ಈ ಲೇಖನದಲ್ಲಿ ಕಿಣ್ವದ ಸಾಮಾನ್ಯ ವಿವರಣೆಯ ಜೊತೆಗೆ ಆ ಸೀಮೆಯ ಬೆಳೆಗಳ ಸಂಬಂಧವನ್ನೂ ಕೊಟ್ಟಿದೆ.

ಹೆಸರು ಮತ್ತು ವರ್ಗೀಕರಣ

ಅಂತರರಾಷ್ಟ್ರೀಯ ಕಿಣ್ವ ವರ್ಗೀಕರಣದಲ್ಲಿ ಈ ಕಿಣ್ವದ ಸಂಖ್ಯೆ ಇ.ಸಿ. 2.7.9.4. ಎಟಿಪಿಯ ಫಾಸ್ಫೇಟನ್ನು ಬೇರೊಂದು ಅಣುವಿಗೆ ಸಾಗಿಸುವ ಕಿಣ್ವಗಳಿಗೆ ಕೈನೇಸ್ ಎಂದು ಹೆಸರು. ಸಾಮಾನ್ಯ ಕೈನೇಸ್ ಒಂದು ಫಾಸ್ಫೇಟನ್ನು ಒಂದೇ ಗ್ರಾಹಕಕ್ಕೆ ಕೊಡುತ್ತದೆ. ಡೈಕೈನೇಸ್ ಒಂದು ಎಟಿಪಿಯಿಂದ ಎರಡು ಫಾಸ್ಫೇಟುಗಳನ್ನು ತೆಗೆದು ಎರಡು ಬೇರೆ ಗ್ರಾಹಕಗಳಿಗೆ ಕೊಡುತ್ತದೆ. ಇಲ್ಲಿ ಒಂದು ಗ್ರಾಹಕ ಗ್ಲೂಕಾನ್, ಅಂದರೆ ಗ್ಲೂಕೋಸ್ ಸರಪಳಿ, ಇನ್ನೊಂದು ನೀರು. 2002ಕ್ಕೆ ಮೊದಲಿನ ಬರಹಗಳಲ್ಲಿ ಇದೇ ಕಿಣ್ವವನ್ನು ಆರ್1 ಪ್ರೋಟೀನ್ ಎಂದು ಕರೆಯಲಾಗಿದೆ. ಅರಾಬಿಡಾಪ್ಸಿಸ್ ಸಸ್ಯದಲ್ಲಿ ಇದರ ಜೀನ್‌ಗೆ ಎಸ್‌ಇಎಕ್ಸ್1 ಎಂಬ ಹೆಸರೂ ಇದೆ. ಆ ಜೀನ್ ಕೆಟ್ಟಾಗ ಎಲೆಯಲ್ಲಿ ಪಿಷ್ಟ ಮಿತಿಮೀರುವುದರಿಂದ ಈ ಹೆಸರು ಬಂದಿದೆ.

ಪಿಷ್ಟ ಮತ್ತು ಅದರಲ್ಲಿನ ಫಾಸ್ಫೇಟ್

ಪಿಷ್ಟದಲ್ಲಿ ಎರಡು ಘಟಕಗಳಿವೆ. ಅಮೈಲೋಸ್ ಬಹುಮಟ್ಟಿಗೆ ಕವಲಿಲ್ಲದ ಗ್ಲೂಕೋಸ್ ಸರಪಳಿ. ಅಮೈಲೋಪೆಕ್ಟಿನ್ ಕವಲುಗಳುಳ್ಳ ದೊಡ್ಡ ಅಣು. ಹೆಚ್ಚಿನ ಸಸ್ಯಗಳ ಪಿಷ್ಟದಲ್ಲಿ ಮುಕ್ಕಾಲು ಪಾಲಿನಷ್ಟು ಇದೇ ಇರುತ್ತದೆ. ಅಮೈಲೋಪೆಕ್ಟಿನ್‌ನ ಪಕ್ಕಪಕ್ಕದ ಕವಲುಗಳು ಒಂದಕ್ಕೊಂದು ಹೆಣೆದುಕೊಂಡು ಜೋಡಿ ಸುರುಳಿಗಳಾಗುತ್ತವೆ. ಈ ಸುರುಳಿಗಳು ಒತ್ತೊತ್ತಾಗಿ ಅಡಕಗೊಂಡು ಸ್ಫಟಿಕದ ಪದರಗಳಾಗುತ್ತವೆ. ಆದ್ದರಿಂದಲೇ ಪಿಷ್ಟದ ಕಣ ತಣ್ಣೀರಿನಲ್ಲಿ ಕರಗುವುದಿಲ್ಲ; ಕಡಿಮೆ ಜಾಗದಲ್ಲಿ ಹೆಚ್ಚು ಶಕ್ತಿಯನ್ನು ಹಿಡಿದಿಡುತ್ತದೆ. ಅದೇ ಅಡಕತನ ಪಿಷ್ಟವನ್ನು ಒಡೆಯುವ ಕಿಣ್ವಗಳಿಗೆ ಅಡ್ಡಿಯೂ ಆಗುತ್ತದೆ.

ಸಸ್ಯಗಳ ಪಿಷ್ಟಕ್ಕೆ ಸಹಜವಾಗಿ ಕೋವೇಲೆಂಟ್ ಬಂಧದಿಂದ ಸೇರಿಕೊಂಡಿರುವ ಏಕೈಕ ಹೊರಗುಂಪು ಫಾಸ್ಫೇಟ್. ಅದು ಬಹುತೇಕ ಅಮೈಲೋಪೆಕ್ಟಿನ್‌ನಲ್ಲಿಯೇ ಇರುತ್ತದೆ. ಗ್ಲೂಕೋಸ್‌ನ ಆರು ಇಂಗಾಲಗಳಲ್ಲಿ 6ನೆಯದಕ್ಕೆ ಅಥವಾ 3ನೆಯದಕ್ಕೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಆಲೂಗಡ್ಡೆಯ ಪಿಷ್ಟದಲ್ಲಿ ಒಟ್ಟು ಫಾಸ್ಫೇಟಿನ ಸುಮಾರು ಮೂರನೆಯ ಎರಡು ಭಾಗ 6ನೆಯ ಇಂಗಾಲದಲ್ಲಿಯೂ ಉಳಿದದ್ದರ ಹೆಚ್ಚಿನ ಪಾಲು 3ನೆಯ ಇಂಗಾಲದಲ್ಲಿಯೂ ಇರುತ್ತದೆ.

ಫಾಸ್ಫೇಟಿನ ಪ್ರಮಾಣ ಸಸ್ಯದಿಂದ ಸಸ್ಯಕ್ಕೆ ಬಹಳ ಬದಲಾಗುತ್ತದೆ. ಆಲೂಗಡ್ಡೆಯಲ್ಲಿ ಸರಾಸರಿ 200ರಿಂದ 300 ಗ್ಲೂಕೋಸ್ ಘಟಕಗಳಿಗೆ ಒಂದು ಫಾಸ್ಫೇಟ್ ಇರುತ್ತದೆ. ಎಲೆಗಳ ಪಿಷ್ಟದಲ್ಲಿ ಇದು ಇನ್ನೂ ವಿರಳ. ಅಕ್ಕಿ, ಗೋಧಿ, ಜೋಳ, ಗೋವಿನಜೋಳದಂಥ ಧಾನ್ಯಗಳ ಕಾಳಿನ ಪಿಷ್ಟದಲ್ಲಿ ಅಳತೆಗೆ ಸಿಗದಷ್ಟು ಕಡಿಮೆ. ಅರಿಶಿಣದ ಕುಲಕ್ಕೇ ಸೇರಿದ ಕಚೋರದ ಪಿಷ್ಟ ಅತಿ ಹೆಚ್ಚು ಫಾಸ್ಫೇಟ್ ಇರುವ ಪಿಷ್ಟಗಳ ಸಾಲಿಗೆ ಸೇರುತ್ತದೆ.

ಶೋಧನೆಯ ಇತಿಹಾಸ

ಆಲೂಗಡ್ಡೆಯ ಪಿಷ್ಟದಲ್ಲಿ ರಂಜಕವಿದೆ ಎಂಬುದು 20ನೆಯ ಶತಮಾನದ ಆರಂಭದಲ್ಲಿಯೇ ಗೊತ್ತಾಗಿತ್ತು. 1930ರ ದಶಕದಲ್ಲಿ ಪೋಸ್ಟರ್ನಾಕ್ ನಡೆಸಿದ ಅಧ್ಯಯನಗಳು ಆ ಫಾಸ್ಫೇಟ್ ಗ್ಲೂಕೋಸ್‌ನ 6ನೆಯ ಇಂಗಾಲಕ್ಕೆ ಅಂಟಿಕೊಂಡಿರುವುದನ್ನು ತೋರಿಸಿದವು. 1970 ಮತ್ತು 1971ರಲ್ಲಿ ಜಪಾನಿನ ಹಿಜುಕುರಿ ಮತ್ತು ತಬಾತ ಅವರ ತಂಡ 3ನೆಯ ಇಂಗಾಲದಲ್ಲಿಯೂ ಫಾಸ್ಫೇಟ್ ಇರುವುದನ್ನು ಸ್ಥಾಪಿಸಿತು. ಆದರೆ ಈ ಫಾಸ್ಫೇಟನ್ನು ಸೇರಿಸುವ ಕಿಣ್ವ ಯಾವುದು ಎಂಬ ಪ್ರಶ್ನೆ ಮುಂದಿನ ಕಾಲು ಶತಮಾನ ಹಾಗೆಯೇ ಉಳಿಯಿತು.

ಇದಕ್ಕೆ ಉತ್ತರ ಎರಡು ದಾರಿಗಳಲ್ಲಿ ಬಂತು. ಮೊದಲನೆಯದು ಆಲೂಗಡ್ಡೆಯ ಸಂಶೋಧನೆ. 1998ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ರೂತ್ ಲೋರ್ಬರ್ಟ್, ಗೆರ್ಹಾರ್ಡ್ ರಿಟೆ, ಲೋಥರ್ ವಿಲ್ಮಿಟ್ಜರ್ ಮತ್ತು ಯೆನ್ಸ್ ಕೋಸ್ಮನ್ ಅವರು ಪಿಷ್ಟದ ಕಣಗಳಿಗೆ ಅಂಟಿಕೊಳ್ಳುವ ಆರ್1 ಎಂಬ ಪ್ರೋಟೀನನ್ನು ವರ್ಣಿಸಿದರು. ಈ ಪ್ರೋಟೀನನ್ನು ತಗ್ಗಿಸಿದ ಆಲೂಗಡ್ಡೆ ಗಿಡಗಳಲ್ಲಿ ಪಿಷ್ಟದ ಫಾಸ್ಫೇಟ್ ಕಡಿಮೆಯಾಯಿತು. ಎಲೆಗಳಲ್ಲಿ ಪಿಷ್ಟ ಕರಗದೆ ಉಳಿಯಿತು. ತಂಪಿನಲ್ಲಿಟ್ಟ ಗೆಡ್ಡೆಗಳು ಸಿಹಿಯಾಗುವುದು ತಗ್ಗಿತು. ಇದೇ ಪ್ರೋಟೀನನ್ನು ಎಶರಿಕಿಯ ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದಾಗ ಆ ಬ್ಯಾಕ್ಟೀರಿಯಾದ ಗ್ಲೈಕೋಜೆನ್‌ನಲ್ಲಿ ಫಾಸ್ಫೇಟ್ ಹೆಚ್ಚಿತು.

ಎರಡನೆಯದು ಸಾಸಿವೆ ಕುಟುಂಬದ ಪುಟ್ಟ ಗಿಡ ಅರಾಬಿಡಾಪ್ಸಿಸ್‌ನ ಸಂಶೋಧನೆ. ರಾತ್ರಿ ಮುಗಿದರೂ ಎಲೆಯಲ್ಲಿ ಪಿಷ್ಟ ಉಳಿಯುವ ವಿಕೃತ ತಳಿಯನ್ನು 1991ರಲ್ಲಿ ಕ್ಯಾಸ್ಪರ್ ಮತ್ತು ಸಹೋದ್ಯೋಗಿಗಳು ವರ್ಣಿಸಿದ್ದರು. ಆ ತಳಿಯಲ್ಲಿ ಕೆಟ್ಟಿರುವುದು ಆರ್1 ಪ್ರೋಟೀನಿನ ಜೀನ್ ಎಂದು 2001ರಲ್ಲಿ ಯು ಮತ್ತು ಸಹೋದ್ಯೋಗಿಗಳು ತೋರಿಸಿದರು. 2002ರಲ್ಲಿ ರಿಟೆ ಮತ್ತು ಸಂಗಡಿಗರು ಆರ್1 ಒಂದು ಡೈಕೈನೇಸ್ ಎಂದು ಸಾಬೀತುಪಡಿಸಿ ಅದರ ರಾಸಾಯನಿಕ ಕ್ರಿಯೆಯನ್ನು ಬಿಡಿಸಿಟ್ಟರು. ಇದೇ ಕುಟುಂಬದ ಎರಡನೆಯ ಕಿಣ್ವ 2005ರಲ್ಲಿ ಪತ್ತೆಯಾಯಿತು. ಎರಡೂ ಕಿಣ್ವಗಳು ಬೇರೆ ಬೇರೆ ಇಂಗಾಲಗಳ ಮೇಲೆ ಕೆಲಸ ಮಾಡುತ್ತವೆ ಎಂಬುದು 2006ರಲ್ಲಿ ನಿಶ್ಚಯವಾಯಿತು.

ರಚನೆ

ಜಿಡಬ್ಲ್ಯುಡಿ ದೊಡ್ಡ ಪ್ರೋಟೀನ್. ಆಲೂಗಡ್ಡೆಯಲ್ಲಿ ಇದು ಮೊದಲು 1464 ಅಮೈನೊ ಆಮ್ಲಗಳ ಸರಪಳಿಯಾಗಿ ತಯಾರಾಗುತ್ತದೆ. ಅದರ ತುದಿಯಲ್ಲಿರುವ ದಾರಿತೋರುವ ಭಾಗ ಪ್ರೋಟೀನನ್ನು ಪಿಷ್ಟ ಇರುವ ಪ್ಲಾಸ್ಟಿಡ್ ಎಂಬ ಕೋಶಾಂಗಗಳಾದ ಕ್ಲೋರೋಪ್ಲಾಸ್ಟ್ ಅಥವಾ ಅಮೈಲೋಪ್ಲಾಸ್ಟಿನೊಳಕ್ಕೆ ಕಳಿಸಿ ಅಲ್ಲಿ ಕತ್ತರಿಸಲ್ಪಡುತ್ತದೆ. ಬಲಿತ ಕಿಣ್ವದ ತೂಕ ಸುಮಾರು 155 ಕಿಲೋಡಾಲ್ಟನ್.

ಬಲಿತ ಕಿಣ್ವದಲ್ಲಿ ಮೂರು ಮುಖ್ಯ ಪ್ರದೇಶಗಳಿವೆ. ಮೊದಲ ಪ್ರದೇಶದಲ್ಲಿ ಪಿಷ್ಟಕ್ಕೆ ಅಂಟಿಕೊಳ್ಳುವ ಎರಡು ಘಟಕಗಳಿವೆ. ಇವುಗಳ ಹಿಡಿತ ಸಡಿಲವಾದದ್ದು; ಆದ್ದರಿಂದ ಕಿಣ್ವ ಕಣದ ಮೇಲ್ಮೈಗೆ ಅಂಟಿ, ಬಿಟ್ಟು, ಮತ್ತೆ ಅಂಟಿಕೊಳ್ಳಬಲ್ಲದು. ನಡುವಿನ ಪ್ರದೇಶದಲ್ಲಿ ಫಾಸ್ಫೇಟನ್ನು ತಾತ್ಕಾಲಿಕವಾಗಿ ಹೊತ್ತುಕೊಳ್ಳುವ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವಿದೆ. ಆಲೂಗಡ್ಡೆಯ ಕಿಣ್ವದಲ್ಲಿ ಇದರ ಸ್ಥಾನ 992. ಈ ಒಂದು ಅಮೈನೊ ಆಮ್ಲವನ್ನು ಬದಲಿಸಿದರೆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಕೊನೆಯ ಪ್ರದೇಶ ಎಟಿಪಿಯನ್ನು ಹಿಡಿಯುತ್ತದೆ.

ನಡುವಿನ ಮತ್ತು ಕೊನೆಯ ಪ್ರದೇಶಗಳು ಪೈರುವೇಟ್ ಫಾಸ್ಫೇಟ್ ಡೈಕೈನೇಸ್ ಎಂಬ ಕಿಣ್ವವನ್ನು ಹೋಲುತ್ತವೆ. ಕಬ್ಬು, ಜೋಳ, ಗೋವಿನಜೋಳಗಳಂಥ ಸಿ4 ಸಸ್ಯಗಳು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಚಕ್ರದಲ್ಲಿ ಆ ಕಿಣ್ವ ಅಗತ್ಯ. ಹೀಗೆ ಸಕ್ಕರೆ ಕಟ್ಟುವ ಚಕ್ರದ ಒಂದು ಕಿಣ್ವವೂ ಪಿಷ್ಟ ಕರಗಿಸುವ ಕಿಣ್ವವೂ ರಚನೆಯಲ್ಲಿ ಬಂಧುಗಳು.

ಕ್ರಿಯಾವಿಧಾನ

ಎಟಿಪಿಯಲ್ಲಿ ಮೂರು ಫಾಸ್ಫೇಟುಗಳು ಸಾಲಾಗಿವೆ. ಇವನ್ನು ಆಲ್ಫಾ, ಬೀಟಾ, ಗ್ಯಾಮಾ ಎಂದು ಗುರುತಿಸುತ್ತಾರೆ. ಕಿಣ್ವದ ಕ್ರಿಯೆ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲು ಎಟಿಪಿ ಕಿಣ್ವಕ್ಕೆ ಅಂಟಿ, ಬೀಟಾ ಮತ್ತು ಗ್ಯಾಮಾ ಫಾಸ್ಫೇಟುಗಳು ಹಿಸ್ಟಿಡಿನ್‌ಗೆ ವರ್ಗವಾಗುತ್ತವೆ. ಬಳಿಕ ಗ್ಯಾಮಾ ಫಾಸ್ಫೇಟ್ ನೀರಿಗೆ ಹೋಗಿ ಬಿಡಿ ಫಾಸ್ಫೇಟ್ ಆಗುತ್ತದೆ. ಕೊನೆಗೆ ಹಿಸ್ಟಿಡಿನ್ ಮೇಲೆ ಉಳಿದ ಬೀಟಾ ಫಾಸ್ಫೇಟ್ ಗ್ಲೂಕೋಸ್ ಘಟಕದ 6ನೆಯ ಇಂಗಾಲಕ್ಕೆ ಸೇರುತ್ತದೆ. ಒಟ್ಟು ಲೆಕ್ಕದಲ್ಲಿ ಒಂದು ಎಟಿಪಿ, ಒಂದು ನೀರಿನ ಅಣು ಮತ್ತು ಪಿಷ್ಟದಿಂದ ಒಂದು ಎಎಂಪಿ (ಒಂದೇ ಫಾಸ್ಫೇಟ್ ಉಳಿದ ಎಟಿಪಿ), ಒಂದು ಬಿಡಿ ಫಾಸ್ಫೇಟ್ ಮತ್ತು ಫಾಸ್ಫೇಟ್ ಹೊತ್ತ ಪಿಷ್ಟ ಸಿಗುತ್ತವೆ.

ಜಿಡಬ್ಲ್ಯುಡಿ ಬಿಡಿ ಗ್ಲೂಕೋಸಿನ ಮೇಲೆ ಕೆಲಸ ಮಾಡುವುದಿಲ್ಲ. ಕರಗಿದ ಸರಪಳಿಗಳಿಗಿಂತ ಸ್ಫಟಿಕವಾಗಿ ಅಡಕಗೊಂಡ ಸರಪಳಿಗಳನ್ನು ಅದು ಹೆಚ್ಚು ಇಷ್ಟಪಡುತ್ತದೆ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂದರೆ ಬೇರೆ ಕಿಣ್ವಗಳಿಗೆ ಕೈಗೆಟುಕದ ಜಾಗದಲ್ಲಿಯೇ ಇದು ಕೆಲಸ ಶುರುಮಾಡುತ್ತದೆ. ಫಾಸ್ಫೇಟ್ ಗುಂಪಿಗೆ ಗಾತ್ರವೂ ಋಣ ವಿದ್ಯುದಂಶವೂ ಇರುವುದರಿಂದ ಸುರುಳಿಗಳ ಅಡಕ ಸಡಿಲವಾಗುತ್ತದೆ. ಅಲ್ಲಿಗೆ ನೀರು ಸೇರುತ್ತದೆ. ಪಿಷ್ಟ ಒಡೆಯುವ ಕಿಣ್ವಗಳಿಗೆ ದಾರಿ ತೆರೆಯುತ್ತದೆ.

ಬಗೆಗಳು

ಹೂಬಿಡುವ ಸಸ್ಯಗಳಲ್ಲಿ ಈ ಕುಟುಂಬದ ಮೂರು ಬಗೆಗಳನ್ನು ಗುರುತಿಸಿದೆ.

ಜಿಡಬ್ಲ್ಯುಡಿ1: ಮೇಲೆ ವರ್ಣಿಸಿದ ಮುಖ್ಯ ಕಿಣ್ವ. ಪ್ಲಾಸ್ಟಿಡ್‌ಗಳ ಒಳಗಿದ್ದು 6ನೆಯ ಇಂಗಾಲಕ್ಕೆ ಫಾಸ್ಫೇಟ್ ಸೇರಿಸುತ್ತದೆ.

ಪಿಡಬ್ಲ್ಯುಡಿ: ಪೂರ್ಣ ಹೆಸರು ಫಾಸ್ಫೋಗ್ಲೂಕಾನ್, ವಾಟರ್ ಡೈಕೈನೇಸ್, ವರ್ಗೀಕರಣ ಸಂಖ್ಯೆ ಇ.ಸಿ. 2.7.9.5. ಇದು 3ನೆಯ ಇಂಗಾಲಕ್ಕೆ ಫಾಸ್ಫೇಟ್ ಸೇರಿಸುತ್ತದೆ. ಜಿಡಬ್ಲ್ಯುಡಿ ಮೊದಲು ಫಾಸ್ಫೇಟ್ ಸೇರಿಸಿದ ಪಿಷ್ಟದ ಮೇಲಷ್ಟೇ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಜಿಡಬ್ಲ್ಯುಡಿ ಇಲ್ಲದ ಸಸ್ಯದಲ್ಲಿ ಪಿಡಬ್ಲ್ಯುಡಿ ಇದ್ದರೂ ಪ್ರಯೋಜನವಿಲ್ಲ. 6ನೆಯ ಇಂಗಾಲದ ಫಾಸ್ಫೇಟ್ ಸುರುಳಿಯ ಮೇಲ್ಮೈಯಲ್ಲಿ ಹೊಂದಿಕೊಳ್ಳಬಲ್ಲದು. 3ನೆಯದರ ಫಾಸ್ಫೇಟ್ ಸುರುಳಿಯ ಆಕಾರವನ್ನೇ ಕದಡುತ್ತದೆ.

ಜಿಡಬ್ಲ್ಯುಡಿ2: ಇದಕ್ಕೆ ಪ್ಲಾಸ್ಟಿಡ್‌ಗೆ ದಾರಿತೋರುವ ಭಾಗವಿಲ್ಲ, ಪ್ಲಾಸ್ಟಿಡ್‌ನ ಹೊರಗೆ ಇರುತ್ತದೆ. ಅರಾಬಿಡಾಪ್ಸಿಸ್‌ನಲ್ಲಿ ಇದನ್ನು ತೆಗೆದರೂ ಎಲೆಯ ಪಿಷ್ಟ ಎಂದಿನಂತೆಯೇ ಕರಗುತ್ತದೆ ಎಂದು 2007ರಲ್ಲಿ ವರದಿಯಾಯಿತು.

ಹಸಿರು ಶೈವಲಗಳಲ್ಲಿಯೂ ಈ ಕುಟುಂಬದ ಕಿಣ್ವಗಳಿವೆ. ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಏಕಕೋಶ ಜೀವಿಯಲ್ಲಿ ಪಿಷ್ಟದಂಥ ಸಂಗ್ರಹವಿದ್ದು, ಅದರಲ್ಲಿಯೂ ಜಿಡಬ್ಲ್ಯುಡಿ ಇದೆ. ಪ್ರಾಣಿಗಳಲ್ಲಿ ಈ ಕಿಣ್ವವಿಲ್ಲ.

ಸಸ್ಯದಲ್ಲಿನ ಪಾತ್ರ

ಎಲೆಯಲ್ಲಿ: ಹಗಲಿನ ದ್ಯುತಿಸಂಶ್ಲೇಷಣೆಯಲ್ಲಿ ತಯಾರಾದ ಸಕ್ಕರೆಯ ಒಂದು ಪಾಲು ಕ್ಲೋರೋಪ್ಲಾಸ್ಟಿನಲ್ಲಿ ಪಿಷ್ಟವಾಗಿ ಕೂಡುತ್ತದೆ. ಸೂರ್ಯ ಮುಳುಗಿದ ಮೇಲೆ ಜಿಡಬ್ಲ್ಯುಡಿ ಮತ್ತು ಪಿಡಬ್ಲ್ಯುಡಿ ಕಣದ ಮೇಲ್ಮೈಯನ್ನು ಸಡಿಲಗೊಳಿಸುತ್ತವೆ. ಬೀಟಾ-ಅಮೈಲೇಸ್ ಸರಪಳಿಯ ತುದಿಯಿಂದ ಎರಡೆರಡು ಗ್ಲೂಕೋಸ್ ಘಟಕಗಳನ್ನು ಮಾಲ್ಟೋಸ್ ಆಗಿ ಕತ್ತರಿಸುತ್ತದೆ. ಐಸೋಅಮೈಲೇಸ್ ಕವಲುಗಳನ್ನು ಬಿಡಿಸುತ್ತದೆ. ಆದರೆ ಬೀಟಾ-ಅಮೈಲೇಸ್ ಫಾಸ್ಫೇಟ್ ಇರುವ ಘಟಕವನ್ನು ದಾಟಲಾರದು. ಆಗ ಎಸ್‌ಇಎಕ್ಸ್4 ಮತ್ತು ಎಲ್‌ಎಸ್‌ಎಫ್2 ಎಂಬ ಫಾಸ್ಫಟೇಸ್ ಕಿಣ್ವಗಳು ಫಾಸ್ಫೇಟನ್ನು ತೆಗೆದುಹಾಕುತ್ತವೆ. ಹೀಗೆ ಫಾಸ್ಫೇಟ್ ಸೇರಿಸುವುದು, ಕತ್ತರಿಸುವುದು, ಫಾಸ್ಫೇಟ್ ತೆಗೆಯುವುದು ಒಂದರ ಹಿಂದೊಂದು ನಡೆದು ಕಣ ಪದರ ಪದರವಾಗಿ ಕರಗುತ್ತದೆ. ಮಾಲ್ಟೋಸ್ ಕ್ಲೋರೋಪ್ಲಾಸ್ಟಿನಿಂದ ಹೊರಬಂದು ಸುಕ್ರೋಸ್ ಆಗಿ ಬೇರು, ಕಾಂಡ, ಕುಡಿಗಳಿಗೆ ಹೋಗುತ್ತದೆ. ಅರಾಬಿಡಾಪ್ಸಿಸ್‌ನಲ್ಲಿ ಬೆಳಗಾಗುವ ಹೊತ್ತಿಗೆ ಹಗಲಿನ ಪಿಷ್ಟ ಬಹುತೇಕ ಮುಗಿದಿರುತ್ತದೆ.

ಗೆಡ್ಡೆಯಲ್ಲಿ: ಆಲೂಗಡ್ಡೆಯಲ್ಲಿ ಪಿಷ್ಟ ಕಟ್ಟುವಾಗಲೇ ಫಾಸ್ಫೇಟ್ ಸೇರುತ್ತದೆ. ಗೆಡ್ಡೆಯನ್ನು ತಂಪಿನಲ್ಲಿಟ್ಟಾಗ ಅಥವಾ ಅದು ಮೊಳೆಯುವಾಗ ಪಿಷ್ಟ ಕರಗಿ ಸಕ್ಕರೆಯಾಗುತ್ತದೆ.

ಕಾಳಿನಲ್ಲಿ: ಬಲಿತ ಧಾನ್ಯದ ಪಿಷ್ಟ ಸತ್ತ ಕೋಶಗಳಲ್ಲಿ ಇರುತ್ತದೆ. ಕಾಳು ಮೊಳೆಯುವಾಗ ಆಲ್ಫಾ-ಅಮೈಲೇಸ್ ಕಣವನ್ನು ನೇರವಾಗಿ ಕೊರೆಯುವುದರಿಂದ ಫಾಸ್ಫೇಟ್ ಜೋಡಣೆಗೆ ಅಲ್ಲಿ ಎಲೆಯಲ್ಲಿರುವಷ್ಟು ಮಹತ್ವವಿಲ್ಲ.

ಪರಾಗದಲ್ಲಿ: ಟೊಮೆಟೊದ ಪರಾಗ ಮೊಳೆಯಲು ಅದರಲ್ಲಿನ ಪಿಷ್ಟ ಕರಗಬೇಕು, ಅದಕ್ಕೆ ಜಿಡಬ್ಲ್ಯುಡಿ ಬೇಕು ಎಂದು 2009ರಲ್ಲಿ ತೋರಿಸಲಾಯಿತು.

ನಿಯಂತ್ರಣ

ಆಲೂಗಡ್ಡೆಯ ಜಿಡಬ್ಲ್ಯುಡಿಯಲ್ಲಿ ಎರಡು ಸಿಸ್ಟೀನ್‌ಗಳ ನಡುವೆ ಗಂಧಕ-ಗಂಧಕ ಬಂಧ ಉಂಟಾದರೆ ಕಿಣ್ವ ನಿಷ್ಕ್ರಿಯವಾಗುತ್ತದೆ. ಥಯೊರೆಡಾಕ್ಸಿನ್ ಎಂಬ ಪುಟ್ಟ ಪ್ರೋಟೀನ್ ಆ ಬಂಧವನ್ನು ಬಿಡಿಸಿದಾಗ ಮತ್ತೆ ಸಕ್ರಿಯವಾಗುತ್ತದೆ. ಇದು ಪ್ರಯೋಗಾಲಯದಲ್ಲಿ 2005ರಲ್ಲಿ ಕಂಡ ಫಲಿತಾಂಶ. ಜೀವಂತ ಎಲೆಯಲ್ಲಿ ಈ ನಿಯಂತ್ರಣದ ತೂಕ ಕಡಿಮೆ ಎಂದು 2014ರ ಒಂದು ಅಧ್ಯಯನ ತಿಳಿಸಿತು. ಅರಾಬಿಡಾಪ್ಸಿಸ್‌ನಲ್ಲಿ ಕಿಣ್ವದ ಪ್ರಮಾಣವನ್ನು ಬಹಳಷ್ಟು ತಗ್ಗಿಸಿದರೂ ರಾತ್ರಿ ಪಿಷ್ಟ ಕರಗುವ ವೇಗ ಅಷ್ಟಾಗಿ ಬದಲಾಗಲಿಲ್ಲ. ಕಿಣ್ವ ಬೇಕೇ ಬೇಕು. ಆದರೆ ಸಾಮಾನ್ಯ ಸ್ಥಿತಿಯಲ್ಲಿ ಅದು ಅಗತ್ಯಕ್ಕಿಂತ ಹೆಚ್ಚೇ ಇರುತ್ತದೆ. ಕರಗುವ ವೇಗವನ್ನು ರಾತ್ರಿಯ ಉದ್ದಕ್ಕೆ ಹೊಂದಿಸುವುದರಲ್ಲಿ ಸಸ್ಯದ ದಿನಗಡಿಯಾರ ಮುಖ್ಯ ಪಾತ್ರ ವಹಿಸುತ್ತದೆ.

ಕೊರತೆಯ ಪರಿಣಾಮಗಳು

ಜಿಡಬ್ಲ್ಯುಡಿ ಇಲ್ಲದ ಅರಾಬಿಡಾಪ್ಸಿಸ್‌ನ ಎಲೆಗಳಲ್ಲಿ ಪಿಷ್ಟ ಸಾಮಾನ್ಯಕ್ಕಿಂತ ಹಲವು ಪಟ್ಟು ಕೂಡುತ್ತದೆ. ರಾತ್ರಿ ಸಕ್ಕರೆ ಸಿಗದೆ ಗಿಡ ನಿಧಾನವಾಗಿ ಬೆಳೆಯುತ್ತದೆ. ಹೂ ಬಿಡುವುದೂ ತಡವಾಗುತ್ತದೆ. ಇಂಥ ಎಲೆಗೆ ಅಯೋಡಿನ್ ಹಾಕಿದರೆ ಬೆಳಗಿನ ಹೊತ್ತಿನಲ್ಲಿಯೂ ಕಡುಗಪ್ಪು ಬಣ್ಣ ಬರುತ್ತದೆ. ಲೋಟಸ್ ಜಪೋನಿಕಸ್ ಎಂಬ ದ್ವಿದಳ ಸಸ್ಯದಲ್ಲಿ ಫಲವಂತಿಕೆಯೂ ಕುಂದಿತು. ಭತ್ತದಲ್ಲಿ ಮಾತ್ರ ಪರಿಣಾಮ ಸೌಮ್ಯ: ಎಲೆಯಲ್ಲಿ ಪಿಷ್ಟ ವಿಪರೀತ ಕೂಡಿದರೂ ಬೆಳವಣಿಗೆಗೆ ಬಿದ್ದ ಪೆಟ್ಟು ಸೀಮಿತ ಎಂದು 2013ರಲ್ಲಿ ಜಪಾನಿನಿಂದ ವರದಿಯಾಯಿತು. ಭತ್ತದ ಎಲೆ ಇಂಗಾಲದ ಹೆಚ್ಚಿನ ಪಾಲನ್ನು ಸುಕ್ರೋಸ್ ರೂಪದಲ್ಲಿಯೇ ಇಟ್ಟುಕೊಳ್ಳುವುದು ಇದಕ್ಕೆ ಕಾರಣವಿರಬಹುದು.

ಚಿಕ್ಕೋಡಿ ಸೀಮೆಯ ಬೆಳೆಗಳಲ್ಲಿ

ಚಿಕ್ಕೋಡಿ, ರಾಯಬಾಗ ಮತ್ತು ಅಥಣಿ ಬೆಳಗಾವಿ ಜಿಲ್ಲೆಯ ಹಳೆಯ ತಾಲೂಕುಗಳು. 2018ರಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿಯೂ ಅಥಣಿಯಿಂದ ಕಾಗವಾಡವೂ ಬೇರೆ ತಾಲೂಕುಗಳಾದವು. ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳ ನೀರು, ಕಪ್ಪು ಎರೆ ಭೂಮಿ ಮತ್ತು ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ ಪೇಟೆಗಳ ಸಾಮೀಪ್ಯ ಇಲ್ಲಿನ ಬೆಳೆ ಪದ್ಧತಿಯನ್ನು ರೂಪಿಸಿವೆ.

ಕಬ್ಬು: ಕಬ್ಬಿನ ದಂಟು ಸಕ್ಕರೆಯನ್ನು ಸುಕ್ರೋಸ್ ರೂಪದಲ್ಲಿ ಕೂಡಿಡುತ್ತದೆ. ಆದರೆ ಎಲೆ ಮತ್ತು ಕುಡಿಯ ಭಾಗದಲ್ಲಿ ಪಿಷ್ಟ ಹೆಚ್ಚು, ಗಿಣ್ಣುಗಳಲ್ಲಿಯೂ ಇರುತ್ತದೆ. ಎಲೆಯಲ್ಲಿ ಅದು ಮುಖ್ಯವಾಗಿ ನಾಳಗಳನ್ನು ಸುತ್ತುವರಿದ ಕವಚಕೋಶಗಳ ಕ್ಲೋರೋಪ್ಲಾಸ್ಟಿನಲ್ಲಿ ಕೂಡಿ ರಾತ್ರಿ ಕರಗುತ್ತದೆ. ಕುಡಿ ಮತ್ತು ರವದಿಯನ್ನು ಸರಿಯಾಗಿ ಸವರದೆ ಕಾರ್ಖಾನೆಗೆ ಕಳಿಸಿದ ಕಬ್ಬಿನ ರಸದಲ್ಲಿ ಪಿಷ್ಟ ಹೆಚ್ಚುತ್ತದೆ. ರಸ ಕಾಯಿಸಿದಾಗ ಪಿಷ್ಟ ಗಂಜಿಯಾಗಿ ದ್ರವ ಮಂದವಾಗುತ್ತದೆ; ಸೋಸುವುದೂ ಹರಳು ಕಟ್ಟುವುದೂ ನಿಧಾನವಾಗುತ್ತವೆ. ಇದನ್ನು ತಡೆಯಲು ಕಾರ್ಖಾನೆಗಳಲ್ಲಿ ರಸಕ್ಕೆ ಆಲ್ಫಾ-ಅಮೈಲೇಸ್ ಸೇರಿಸುವ ಪದ್ಧತಿಯಿದೆ. ಕಡಿದು ಬಿಸಿಲಿಗೆ ಬಿಟ್ಟ ಕಬ್ಬಿನಲ್ಲಿ ಬ್ಯಾಕ್ಟೀರಿಯಾದಿಂದ ಬೆಳೆಯುವ ಡೆಕ್ಸ್ಟ್ರಾನ್ ಬೇರೆ; ಪಿಷ್ಟ ಕಬ್ಬಿನದೇ ಸ್ವಂತ ಉತ್ಪನ್ನ. ಕಾಗವಾಡ ತಾಲೂಕಿನ ಉಗಾರ ಖುರ್ದ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಮತ್ತು ಅಥಣಿಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಈ ಉದ್ಯಮದ ತಾಂತ್ರಿಕ ಶಿಕ್ಷಣ ಮತ್ತು ಸಂಶೋಧನೆಯ ಕೇಂದ್ರ. ಸಂಕೇಶ್ವರದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಬ್ಬು ಸಂಶೋಧನಾ ಕೇಂದ್ರವಿದೆ.

ತಂಬಾಕು: ತಂಬಾಕು ಆಲೂಗಡ್ಡೆಯ ಕುಟುಂಬಕ್ಕೇ ಸೇರಿದ ಸಸ್ಯ. ನಿಪ್ಪಾಣಿ ಬೀಡಿ ತಂಬಾಕಿನ ಹಳೆಯ ಪೇಟೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇಲ್ಲಿ ಬೀಡಿ ತಂಬಾಕಿನ ಮೇಲೆ ಕೆಲಸ ಮಾಡಿದೆ. ಕುಡಿ ಚಿವುಟಿದ ಮೇಲೆ ಬಲಿಯುವ ಎಲೆಯಲ್ಲಿ ಪಿಷ್ಟ ಕೂಡುತ್ತದೆ. ಹದ ಮಾಡುವಾಗ ಎಲೆ ಹಳದಿಯಾಗುವ ಹಂತದಲ್ಲಿ ಈ ಪಿಷ್ಟ ಕರಗುತ್ತದೆ. ಕೋಶಗಳು ಜೀವಂತವಾಗಿದ್ದು ಎಲೆಯಲ್ಲಿ ತೇವ ಇರುವವರೆಗೆ ಮಾತ್ರ ಕಿಣ್ವಗಳು ಕೆಲಸ ಮಾಡಬಲ್ಲವು. ಮೈಸೂರು ಸೀಮೆಯ ಹುಣಸೂರು, ಪಿರಿಯಾಪಟ್ಟಣಗಳ ವರ್ಜೀನಿಯಾ ತಂಬಾಕನ್ನು ಶಾಖ ಕೊಟ್ಟು ಹದ ಮಾಡುವ ಮನೆಗಳಾದ ಬ್ಯಾರನ್‌ಗಳಲ್ಲಿ ಮೊದಲು ಹದವಾದ ಶಾಖ ಮತ್ತು ತೇವದಲ್ಲಿಟ್ಟು ಹಳದಿ ಮಾಡುವುದರಿಂದ ಪಿಷ್ಟ ಬಹುಮಟ್ಟಿಗೆ ಸಕ್ಕರೆಯಾಗುತ್ತದೆ. ನಿಪ್ಪಾಣಿಯ ಬೀಡಿ ತಂಬಾಕನ್ನು ಬಿಸಿಲಿನಲ್ಲಿ ಒಣಗಿಸುತ್ತಾರೆ. ಎಲೆ ಬೇಗ ಒಣಗುವುದರಿಂದ ಆ ಬದಲಾವಣೆಗೆ ಸಿಗುವ ಸಮಯವೂ ಬೇರೆ, ಫಲಿತಾಂಶವೂ ಬೇರೆ.

ಅರಿಶಿಣ: ರಾಯಬಾಗ, ಚಿಕ್ಕೋಡಿ ಮತ್ತು ಸುತ್ತಲಿನ ಅರಿಶಿಣ ಸಾಂಗ್ಲಿ ಪೇಟೆಗೆ ಹೋಗುತ್ತದೆ. ಒಣಗಿದ ಅರಿಶಿಣದ ದೊಡ್ಡ ಪಾಲು ಪಿಷ್ಟವೇ. ಬಿತ್ತನೆ ಗೆಡ್ಡೆ ಮೊಳೆಯುವಾಗ ಕುಡಿಗೆ ಬೇಕಾದ ಸಕ್ಕರೆ ಈ ಪಿಷ್ಟ ಕರಗಿ ಸಿಗುತ್ತದೆ. ಕಿತ್ತ ಅರಿಶಿಣವನ್ನು ಕುದಿಸುವುದರಿಂದ ಮೊಳಕೆಯ ಶಕ್ತಿ ಹೋಗುತ್ತದೆ, ಕಿಣ್ವಗಳು ನಾಶವಾಗುತ್ತವೆ ಮತ್ತು ಪಿಷ್ಟ ಗಂಜಿಯಾಗುತ್ತದೆ. ಒಣಗಿದ ಮೇಲೆ ಕೊಂಬು ಗಟ್ಟಿಯಾಗಿ ಒಂದೇ ಬಣ್ಣಕ್ಕೆ ಬರುತ್ತದೆ.

ಜೋಳ, ಗೋವಿನಜೋಳ ಮತ್ತು ಗೋಧಿ: ಅಥಣಿ ಭಾಗದ ಹಿಂಗಾರಿ ಜೋಳ, ನೀರಾವರಿಯ ಗೋವಿನಜೋಳ ಹಾಗೂ ಗೋಧಿಯ ಕಾಳಿನ ಪಿಷ್ಟದಲ್ಲಿ ಫಾಸ್ಫೇಟ್ ಅತ್ಯಲ್ಪ. ಆದರೆ ಇವುಗಳ ಎಲೆಯಲ್ಲಿ ಪಿಷ್ಟ ಕರಗಲು ಜಿಡಬ್ಲ್ಯುಡಿ ಬೇಕು. ಗೋವಿನಜೋಳದಲ್ಲಿ ಈ ಕಿಣ್ವವನ್ನು ತಗ್ಗಿಸಿದಾಗ ಎಲೆಯ ಪಿಷ್ಟ ಹೆಚ್ಚಿತು ಎಂದು 2012ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು. ಮೇವಿನ ಶಕ್ತಿಮೌಲ್ಯ ಹೆಚ್ಚಿಸುವ ದೃಷ್ಟಿಯಿಂದ ಹೈನುಗಾರಿಕೆಯ ಪ್ರದೇಶಗಳಿಗೆ ಈ ಫಲಿತಾಂಶ ಪ್ರಸ್ತುತ.

ದ್ರಾಕ್ಷಿ: ಅಥಣಿ ತಾಲೂಕಿನಲ್ಲಿ ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮುಖ್ಯ. ಇಲ್ಲಿ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ, ಬಳ್ಳಿಯನ್ನು ಸವರುತ್ತಾರೆ. ಸವರಿದ ಮೇಲೆ ಹೊಸ ಎಲೆ ಬಲಿಯುವವರೆಗೆ ಚಿಗುರಿಗೆ ಆಹಾರ ಒದಗುವುದು ಕಡ್ಡಿ, ಕಾಂಡ, ಬೇರುಗಳಲ್ಲಿ ಕೂಡಿಟ್ಟ ಪಿಷ್ಟದಿಂದ.

ಉಪಯೋಗಗಳು

ಫಾಸ್ಫೇಟ್ ಹೆಚ್ಚಿರುವ ಪಿಷ್ಟ ನೀರನ್ನು ಹೆಚ್ಚು ಹೀರಿ ಉಬ್ಬುತ್ತದೆ, ಕಡಿಮೆ ಶಾಖದಲ್ಲಿ ಗಂಜಿಯಾಗುತ್ತದೆ. ಆ ಗಂಜಿ ಮಂದವಾಗಿಯೂ ಪಾರದರ್ಶಕವಾಗಿಯೂ ಇರುತ್ತದೆ, ಆರಿದಾಗ ಬೇಗ ಗಟ್ಟಿಗಟ್ಟುವುದಿಲ್ಲ. ಆದ್ದರಿಂದ ಕಾಗದ, ಬಟ್ಟೆ ಮತ್ತು ಆಹಾರ ಉದ್ಯಮಗಳಲ್ಲಿ ಇದಕ್ಕೆ ಬೇಡಿಕೆಯಿದೆ. ಧಾನ್ಯದ ಪಿಷ್ಟಕ್ಕೆ ಈ ಗುಣ ಬರಲು ಕಾರ್ಖಾನೆಗಳಲ್ಲಿ ರಾಸಾಯನಿಕಗಳಿಂದ ಫಾಸ್ಫೇಟ್ ಸೇರಿಸುತ್ತಾರೆ. ಗಿಡದಲ್ಲಿಯೇ ಇದನ್ನು ಸಾಧಿಸುವ ಪ್ರಯತ್ನವಾಗಿ ಡೆನ್ಮಾರ್ಕಿನ ಸಂಶೋಧಕರು ಆಲೂಗಡ್ಡೆಯ ಜಿಡಬ್ಲ್ಯುಡಿ ಜೀನನ್ನು ಬಾರ್ಲಿಗೆ ಸೇರಿಸಿ, ಕಾಳಿನ ಪಿಷ್ಟದಲ್ಲಿ ಫಾಸ್ಫೇಟ್ ಸುಮಾರು ಹತ್ತು ಪಟ್ಟು ಹೆಚ್ಚಿದ್ದನ್ನು 2011ರಲ್ಲಿ ಪ್ರಕಟಿಸಿದರು.

ಕಿಣ್ವವನ್ನು ತಗ್ಗಿಸುವುದೂ ಉಪಯುಕ್ತ. ಶೀತಗೃಹದಲ್ಲಿಟ್ಟ ಆಲೂಗಡ್ಡೆಯಲ್ಲಿ ಸಕ್ಕರೆ ಹೆಚ್ಚಿದರೆ ಚಿಪ್ಸ್ ಕರಿಯುವಾಗ ಕಂದಾಗುತ್ತವೆ, ಕಹಿಯಾಗುತ್ತವೆ. ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತುವೂ ಹೆಚ್ಚುತ್ತದೆ. ಅಮೆರಿಕದ ಜೆ.ಆರ್. ಸಿಂಪ್ಲಾಟ್ ಕಂಪನಿಯ ಇನ್ನೇಟ್ ಆಲೂಗಡ್ಡೆಯಲ್ಲಿ ಬೇರೆ ಕೆಲವು ಜೀನ್‌ಗಳ ಜೊತೆಗೆ ಆರ್1 ಜೀನನ್ನೂ ತಗ್ಗಿಸಲಾಗಿದೆ. ಅಮೆರಿಕದ ಕೃಷಿ ಇಲಾಖೆ 2014ರ ನವೆಂಬರ್‌ನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆಸ್ಟ್ರೇಲಿಯದಲ್ಲಿ ಗೋಧಿ ಕಾಳಿನ ಜಿಡಬ್ಲ್ಯುಡಿಯನ್ನು ತಗ್ಗಿಸಿದಾಗ ಗಿಡದ ಗಾತ್ರ ಮತ್ತು ಇಳುವರಿ ಹೆಚ್ಚಿದ್ದನ್ನು 2012ರಲ್ಲಿ ವರದಿ ಮಾಡಲಾಯಿತು.

ವೈದ್ಯಶಾಸ್ತ್ರಕ್ಕೂ ಈ ಅಧ್ಯಯನದಿಂದ ಬೆಳಕು ಸಿಕ್ಕಿದೆ. ಮನುಷ್ಯರಲ್ಲಿ ಗ್ಲೈಕೋಜೆನ್‌ನಿಂದ ಫಾಸ್ಫೇಟ್ ತೆಗೆಯುವ ಲಾಫೋರಿನ್ ಕಿಣ್ವ ಕೆಟ್ಟರೆ ಲಾಫೋರಾ ಎಂಬ ತೀವ್ರ ಅಪಸ್ಮಾರದ ಕಾಯಿಲೆ ಬರುತ್ತದೆ. ಲಾಫೋರಿನ್ ಮತ್ತು ಸಸ್ಯಗಳ ಎಸ್‌ಇಎಕ್ಸ್4 ಒಂದೇ ಬಗೆಯ ಕೆಲಸ ಮಾಡುತ್ತವೆ ಎಂದು 2007ರಲ್ಲಿ ಗೊತ್ತಾಯಿತು.

ಅಳೆಯುವ ವಿಧಾನಗಳು

ಪಿಷ್ಟವನ್ನು ಆಮ್ಲದಲ್ಲಿ ಬಿಸಿಮಾಡಿ ಒಡೆದು, ಬಿಡುಗಡೆಯಾದ ಗ್ಲೂಕೋಸ್-6-ಫಾಸ್ಫೇಟನ್ನು ಡಿಹೈಡ್ರೋಜನೇಸ್ ಕಿಣ್ವದ ನೆರವಿನಿಂದ ಅಳೆಯುವುದು ಸರಳ ವಿಧಾನ. 340 ನ್ಯಾನೋಮೀಟರ್ ಬೆಳಕಿನ ಹೀರಿಕೆಯಿಂದ ಪ್ರಮಾಣ ತಿಳಿಯುತ್ತದೆ. 3ನೆಯ ಇಂಗಾಲದ ಫಾಸ್ಫೇಟ್ ಈ ವಿಧಾನಕ್ಕೆ ಸಿಗುವುದಿಲ್ಲ. ಅದಕ್ಕೆ ಅಯಾನು ವಿನಿಮಯ ವರ್ಣರೇಖನ ಅಥವಾ ರಂಜಕದ ಎನ್‌ಎಂಆರ್ ಬೇಕು. ಕಿಣ್ವದ ಚಟುವಟಿಕೆಯನ್ನು ಅಳೆಯಲು ಬೀಟಾ ಸ್ಥಾನದಲ್ಲಿ ವಿಕಿರಣ ರಂಜಕವಿರುವ ಎಟಿಪಿಯನ್ನು ಬಳಸುತ್ತಾರೆ. ಗ್ಯಾಮಾ ಸ್ಥಾನದಲ್ಲಿ ಗುರುತು ಹಾಕಿದರೆ ಅದು ಪಿಷ್ಟಕ್ಕೆ ಬದಲು ನೀರಿಗೆ ಹೋಗುವುದರಿಂದ ಪ್ರಯೋಗ ಫಲಿಸುವುದಿಲ್ಲ.

ಈಗಿನ ಸ್ಥಿತಿ

ಕಿಣ್ವದ ರಾಸಾಯನಿಕ ಕ್ರಿಯೆ, ಮುಖ್ಯ ಬಗೆಗಳು ಮತ್ತು ಎಲೆಯಲ್ಲಿನ ಪಾತ್ರ ಸ್ಥಾಪಿತವಾಗಿವೆ. ಆಲೂಗಡ್ಡೆಯ ಪಿಷ್ಟದಲ್ಲಿ ಫಾಸ್ಫೇಟ್ ಹೇರಳವಾಗಿಯೂ ಧಾನ್ಯದಲ್ಲಿ ಅತ್ಯಲ್ಪವಾಗಿಯೂ ಇರಲು ಕಾರಣಗಳು, ಅಡಕವಾದ ಕಣದ ಮೇಲ್ಮೈಯಲ್ಲಿ ಕಿಣ್ವ ಜಾಗ ಆರಿಸಿಕೊಳ್ಳುವ ರೀತಿ ಹಾಗೂ ದಿನಗಡಿಯಾರದೊಂದಿಗೆ ಅದರ ಸಂಬಂಧ ಇಂದಿನ ಸಂಶೋಧನೆಯ ವಿಷಯಗಳು.

ಭಾರತದಲ್ಲಿ ರೈತರ ಹೊಲದಲ್ಲಿ ವಾಣಿಜ್ಯ ಮಟ್ಟದಲ್ಲಿ ಅನುಮತಿಯಿಂದ ಬೆಳೆಯುತ್ತಿರುವ ಕುಲಾಂತರಿ ಬೆಳೆ ಬಿಟಿ ಹತ್ತಿ. ಜಿಡಬ್ಲ್ಯುಡಿ ಬದಲಿಸಿದ ಆಹಾರ ಬೆಳೆಗಳು ಇಲ್ಲಿ ಬಳಕೆಗೆ ಬಂದಿಲ್ಲ. ಹೊರಗಿನ ಜೀನ್ ಸೇರಿಸದೆ ಮಾಡುವ ಜೀನೋಮ್ ತಿದ್ದುಪಡಿಯ ಕೆಲವು ಬಗೆಗಳಿಗೆ ಕೇಂದ್ರ ಸರ್ಕಾರ 2022ರ ಮಾರ್ಚ್‌ನಲ್ಲಿ ಕುಲಾಂತರಿ ನಿಯಮಗಳಿಂದ ವಿನಾಯಿತಿ ಕೊಟ್ಟಿದೆ. ಆದ್ದರಿಂದ ಜೀನನ್ನು ತಗ್ಗಿಸಿ ತಳಿ ಸುಧಾರಿಸುವ ದಾರಿ ತೆರೆದಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಲ್ಲಿ ಸದ್ಯ ಪಿಷ್ಟದ ನಿರ್ವಹಣೆ ನಡೆಯುತ್ತಿರುವುದು ಹೊಲ ಮತ್ತು ಕಾರ್ಖಾನೆಯ ಮಟ್ಟದಲ್ಲಿ: ಕಬ್ಬಿನ ಕುಡಿ ಸವರುವುದು, ರಸಕ್ಕೆ ಅಮೈಲೇಸ್ ಬಳಸುವುದು, ತಂಬಾಕನ್ನು ಹದವರಿತು ಒಣಗಿಸುವುದು, ಅರಿಶಿಣವನ್ನು ಸಕಾಲಕ್ಕೆ ಕುದಿಸುವುದು ಮತ್ತು ದ್ರಾಕ್ಷಿ ಸವರುವ ಮೊದಲು ಬಳ್ಳಿಗೆ ಸಾಕಷ್ಟು ಸಂಗ್ರಹ ಕೂಡಲು ಬಿಡುವುದು.